ಎಸ್ಟಿಮೇಟಿನಿಂದ ಲಿಂಕ್ ಲೈನ್ ಕತ್ತರಿಸುವ ಮೊದಲು

ಉತ್ತರ ಕನ್ನಡದ ಊರುಗಳಿಗೆ ಕುಡಿಯುವ ನೀರಿನ ಪೈಪ್‌ಲೈನ್ ನಕ್ಷೆ ಮಾಡುವ ಇಂಜಿನಿಯರುಗಳಿಗೆ, ಅದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ, ಸಭೆಯಲ್ಲಿ ಒಪ್ಪಿಗೆ ಕೊಡುವ ಸದಸ್ಯರಿಗೆ ಒಂದು ಬಹಿರಂಗ ಪತ್ರ.

ಮಾನ್ಯರೇ,

ನಾನು ಶಿರಸಿಯವನು. 28 ವರ್ಷ ನೀರಿನ ಪೈಪ್‌ಲೈನ್‌ಗಳ ಲೆಕ್ಕ ಹಾಕುವ ಕೆಲಸ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. ಯಾವ ಬೀದಿಗೆ ಎಷ್ಟು ದಪ್ಪದ ಪೈಪು ಬೇಕು, ಟ್ಯಾಂಕ್ ಎಷ್ಟು ಎತ್ತರದಲ್ಲಿರಬೇಕು, ಕೊನೆಯ ಮನೆಯ ನಲ್ಲಿಗೆ ಎಷ್ಟು ಒತ್ತಡ ಸಿಗುತ್ತದೆ ಅನ್ನುವುದೇ ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳುತ್ತೇನೆ. ನಿಮ್ಮಿಂದ ಕೇಳಬೇಕಾದದ್ದು ಅದರ ನಂತರ.

ಕರಾವಳಿಯ ಒಂದು ಸಣ್ಣ ಊರು. ಹೆಸರು ಬೇಡ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ರಸ್ತೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಎರಡು ಮೇನ್ ಲೈನ್ ಇಳಿಯಬೇಕಿತ್ತು. ಒಂದು ಪೇಟೆಗೆ, ಇನ್ನೊಂದು ಸಮುದ್ರದ ಅಂಚಿನ ಮೀನುಗಾರರ ಕೇರಿಗೆ. ಈ ಎರಡರ ತುದಿಯನ್ನೂ ಕೂಡಿಸುವ 420 ಮೀಟರಿನ ಒಂದು ಲಿಂಕ್ ಲೈನ್ ನನ್ನ ಮೊದಲ ನಕ್ಷೆಯಲ್ಲಿತ್ತು. ಎಸ್ಟಿಮೇಟು ಮಂಜೂರಾದ ಹಣವನ್ನು ಮೀರಿತು. 'ಎಲ್ಲಾದರೂ ಕತ್ತರಿಸೋಕೆ ಆಗ್ತದಾ ನೋಡು' ಅಂದರು ಹಿರಿಯರು. ನಾನು ಲಿಂಕ್ ಲೈನ್ ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿದೆ. ಎಲ್ಲ ಮನೆಗೂ ನೀರು ತಲುಪುತ್ತಿತ್ತು. ಒತ್ತಡ ಎಲ್ಲೂ ಕಡಿಮೆ ಬೀಳಲಿಲ್ಲ. ಹಾಗಾದರೆ ಈ 420 ಮೀಟರ್ ಸುಮ್ನೆ ಖರ್ಚು ಅಲ್ವಾ? ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದೆ. ಎಸ್ಟಿಮೇಟು ಹಣದೊಳಗೆ ಬಂತು. ಎಲ್ಲರಿಗೂ ಸಮಾಧಾನ ಆಯಿತು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೂ ಆಗಿತ್ತು.

ನಾಲ್ಕು ವರ್ಷ ಏನೂ ಆಗಲಿಲ್ಲ. ಐದನೇ ಮಳೆಗಾಲದ ಜುಲೈಯಲ್ಲಿ ಒಂದು ಮೋರಿಯ ಪಕ್ಕದ ಮಣ್ಣು ಜಾರಿತು. ಕೇರಿಗೆ ಹೋಗುವ ಮೇನ್ ಲೈನ್ ಕಿತ್ತುಬಂತು. ಮಳೆ ನಿಲ್ಲದೆ ಅಗೆಯುವ ಹಾಗಿಲ್ಲ, ಅಗೆದರೂ ಗುಂಡಿ ತುಂಬುತ್ತದೆ. ಕೇರಿಯ ಬಾವಿಗಳಲ್ಲಿ ಉಪ್ಪು ನೀರು. ಓಣಿಗಳು ಇಕ್ಕಟ್ಟು, ಟ್ಯಾಂಕರ್ ಒಳಗೆ ಹೋಗುವುದಿಲ್ಲ. ನಾಲ್ಕನೇ ದಿನ ನನ್ನನ್ನು ನೋಡಿಬರಲು ಕಳಿಸಿದರು. ವಯಸ್ಸಾದ ಒಬ್ಬಾಕೆ ಮಾಡಿನ ನೀರಿಗೆ ಕೊಡಪಾನ ಇಟ್ಟು ನಿಂತಿದ್ದರು. ನನ್ನನ್ನು ನೋಡಿ ಹೇಳಿದರು: 'ತಮಾ, ನಾಕು ದಿನ ಆತು. ಈ ನೀರಲ್ಲೇ ಅನ್ನ ಮಾಡ್ತಿದ್ವಿ. ಪ್ಯಾಟೆಲಿ ನಲ್ಲಿ ಬರ್ತದಂತೆ. ಅಲ್ಲಿಂದ ಇಲ್ಲಿಗೆ ಒಂದು ಪೈಪು ಹಾಕುಕೆ ಆಗಲಿಲ್ವಾ?'

ಆಕೆ ಕೇಳಿದ್ದು ಅದೇ 420 ಮೀಟರನ್ನು.

ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಲೆಕ್ಕದಲ್ಲಿ ಕೂಡಿಸುವುದು ಕಳೆಯುವುದು ಎಲ್ಲ ಸರಿಯೇ ಇತ್ತು. ನಾನು ಹಾಕಿದ ಪ್ರಶ್ನೆಯೇ ತಪ್ಪಾಗಿತ್ತು. ಎಲ್ಲ ಪೈಪೂ ಸರಿ ಇರುವ ದಿನ ನೀರು ತಲುಪುತ್ತದಾ ಅಂತ ಕೇಳಿದ್ದೆ. ಒಂದು ಪೈಪು ಹೋದ ದಿನ ಯಾರಿಗೆ ನೀರಿಲ್ಲ ಅಂತ ಕೇಳಲಿಲ್ಲ.

ಈ ಎರಡನೇ ಪ್ರಶ್ನೆ ನಮ್ಮ ಎಸ್ಟಿಮೇಟುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೇಂದ್ರ ಸರ್ಕಾರದ 1999ರ ನೀರು ಪೂರೈಕೆ ಕೈಪಿಡಿಯನ್ನು ನಾವೆಲ್ಲ ಎದುರಿಗೆ ಇಟ್ಟುಕೊಂಡೇ ಲೆಕ್ಕ ಕಲಿತವರು. ಒಂದಂತಸ್ತಿನ ಮನೆಗೆ 7 ಮೀಟರ್ ಒತ್ತಡ (ಅಂದರೆ ನೀರು 7 ಮೀಟರ್ ಎತ್ತರಕ್ಕೆ ಏರುವಷ್ಟು), ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ಎಂದು ಅದರಲ್ಲಿದೆ. ನಮ್ಮ ಕಾಲದಲ್ಲಿ ಈ ಅಂಕಿಗಳು ಸಿಕ್ಕರೆ ನಕ್ಷೆ ಪಾಸ್. ಆಮೇಲೆ ಉಳಿಯುವುದು ಖರ್ಚು ಎಷ್ಟು ಇಳಿಸಬಹುದು ಎಂಬ ಮಾತು ಮಾತ್ರ. ಖರ್ಚು ಇಳಿಸಲು ಹೊರಟವರ ಕತ್ತರಿ ಮೊದಲು ಬೀಳುವುದು ಲಿಂಕ್ ಲೈನ್ ಮೇಲೆ. ಯಾಕೆಂದರೆ ಒಳ್ಳೆಯ ದಿನ ಅದಕ್ಕೆ ಕೆಲಸವೇ ಇಲ್ಲ.

ನನ್ನ ಅಜ್ಜನ ಮನೆ ಅಡಿಕೆ ತೋಟದ ತಲೆಯ ಮೇಲಿತ್ತು. ಗುಡ್ಡದ ಒರತೆಯಿಂದ ಸೀಳಿದ ಅಡಿಕೆ ಮರದ ದಬ್ಬೆ ಜೋಡಿಸಿ ಬಚ್ಚಲವರೆಗೆ ಅಬ್ಬಿ ನೀರು ತಂದಿದ್ದರು. ನಮ್ಮ ಕಡೆಯವರಿಗೆ ಇದು ಗೊತ್ತಿರುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಖರ್ಚೂ ಇಲ್ಲ. ಆದರೆ ನಡುವೆ ಒಂದು ದಬ್ಬೆ ಜಾರಿದರೂ ಬಚ್ಚಲು ಒಣಗುತ್ತಿತ್ತು. ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ಅಬ್ಬಿ ನೀರು ವರ್ಷವಿಡೀ ಬರುತ್ತಿದ್ದರೂ ಅವರು ಅಂಗಳದ ಬಾವಿ ಮುಚ್ಚಲಿಲ್ಲ. ರಾಟೆಗೆ ಹಗ್ಗ ಸದಾ ಇರುತ್ತಿತ್ತು. ದಿನಾ ಸೇದದ ಬಾವಿಗೆ ಹಗ್ಗ ಯಾಕೆ ಎಂದು ಅಜ್ಜಿ ಒಂದು ದಿನವೂ ಕೇಳಿದ್ದಿಲ್ಲ.

ಪೈಪ್‌ಲೈನ್ ಜಾಲದಲ್ಲೂ ಇದೇ ಎರಡು ಬಗೆ ಇದೆ. ಮರದ ಹಾಗೆ ಕಾಂಡ, ಕೊಂಬೆ, ಟಿಸಿಲು ಎಂದು ಒಡೆಯುತ್ತ ಹೋಗುವುದು ಒಂದು. ಊರನ್ನು ಸುತ್ತು ಹಾಕಿ ಬಳೆಯ ಹಾಗೆ ಕೂಡಿಕೊಳ್ಳುವುದು ಇನ್ನೊಂದು. ಮರದಂಥ ಜಾಲ ಅಗ್ಗ. ಪೈಪು ಕಡಿಮೆ, ಅಗೆತ ಕಡಿಮೆ, ಲೆಕ್ಕವೂ ಸುಲಭ. ಆದರೆ ಕೊಂಬೆ ಮುರಿದರೆ ಅದರ ಮೇಲಿನ ಎಲೆಗಳೆಲ್ಲ ಒಣಗಿದವು. ಸುತ್ತಿನ ಜಾಲದಲ್ಲಿ ಒಂದು ಕಡೆ ಒಡೆದರೆ ನೀರು ಇನ್ನೊಂದು ಕಡೆಯಿಂದ ಬರುತ್ತದೆ. ತುದಿಗಳಲ್ಲಿ ನೀರು ನಿಂತು ಹಳಸುವುದೂ ಕಡಿಮೆ.

ಸಣ್ಣ ಲೆಕ್ಕ ಒಂದನ್ನು ನೋಡಿ. ಒಂದು ತುಂಡು ಪೈಪು 100 ದಿನದಲ್ಲಿ 99 ದಿನ ಸರಿ ಇರುತ್ತದೆ ಅಂದುಕೊಳ್ಳೋಣ. ಅಂಥ 10 ತುಂಡು ಸಾಲಾಗಿ ಇದ್ದರೆ, ಹತ್ತೂ ಒಟ್ಟಿಗೆ ಸರಿ ಇರುವುದು ಸುಮಾರು 90 ದಿನ ಮಾತ್ರ. ಈಗ ಅದೇ ಮನೆಗೆ ಇಂಥ ಎರಡು ದಾರಿ ಕೊಡಿ. ಎರಡೂ ಒಂದೇ ದಿನ ಕೈಕೊಡುವುದು 100ರಲ್ಲಿ 1 ದಿನ. ಪೈಪು ಹಾಗೇ ಇದೆ, ಮೊದಲಿಗಿಂತ ಗಟ್ಟಿ ಏನೂ ಆಗಿಲ್ಲ. ದಾರಿ ಎರಡಾದವು, ಅಷ್ಟೇ.

ಇದಕ್ಕೆ ಒಂದು ಷರತ್ತು ಇದೆ, ನಮ್ಮ ಜಿಲ್ಲೆಯಲ್ಲಿ ಅದನ್ನು ಮರೆಯುವ ಹಾಗಿಲ್ಲ. ಎರಡು ದಾರಿಯೂ ಬೇರೆ ಬೇರೆ ನೆಲದಲ್ಲಿ ಇರಬೇಕು. ಒಂದೇ ಗುಂಡಿಯಲ್ಲಿ, ಒಂದೇ ಗುಡ್ಡದ ಬುಡದಲ್ಲಿ ಎರಡು ಪೈಪು ಮಲಗಿಸಿದರೆ ಅದು ಎರಡು ದಾರಿ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು. 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಗುಡ್ಡ ಜಾರಿದರೆ ಕೆಳಗೆ ಏನಿದೆ, ಎಷ್ಟಿದೆ ಎಂದು ನೋಡುವುದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲೂ ಇದನ್ನೇ ಕಂಡಿದ್ದೇವೆ. ಗುಡ್ಡ ಕಡಿದು ಅಗಲ ಮಾಡಿದ ರಸ್ತೆಯ ಬದಿಗೇ ಪೈಪು ಹಾಕುವುದು ಸುಲಭ, ಅಗ್ಗ ಕೂಡ. ಹಾಗೆ ಹಾಕಿದರೂ, ಇನ್ನೊಂದು ದಾರಿ ಮಾತ್ರ ಆ ಗುಡ್ಡದಿಂದ ದೂರ ಇರಲಿ.

'ಲಿಂಕ್ ಲೈನ್ ತೆಗೆದಿಲ್ಲ, ಸಣ್ಣ ಪೈಪು ಹಾಕಿದ್ದೇವೆ' ಎಂದು ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಇದು ತೆಗೆಯುವುದಕ್ಕಿಂತ ಅಪಾಯ, ಯಾಕೆಂದರೆ ನಕ್ಷೆಯಲ್ಲಿ ಸುತ್ತು ಕಾಣುತ್ತದೆ. ನೋಡಿದವರಿಗೆ ಧೈರ್ಯ ಬರುತ್ತದೆ. ಕಷ್ಟದ ದಿನ ಅದರಲ್ಲಿ ನೀರು ಸಾಗುವುದಿಲ್ಲ. ನಮ್ಮ ಘಟ್ಟದ ರಸ್ತೆಗಳನ್ನೇ ನೆನಪು ಮಾಡಿಕೊಳ್ಳಿ. ದೇವಿಮನೆ ಘಟ್ಟ ಬಂದ್ ಆದರೆ ಶಿರಸಿಯಿಂದ ಕುಮಟಾಕ್ಕೆ ಹೋಗಲು ಬೇರೆ ದಾರಿ ಇದೆ. ಯಾಣದ ಕಡೆಯ ದಾರಿಯಲ್ಲಿ ಬೈಕು, ಕಾರು ಹೋಗುತ್ತವೆ. ಆದರೆ ಲಾರಿಗಳನ್ನೆಲ್ಲ ಆ ಇಕ್ಕಟ್ಟಿನ ದಾರಿಗೆ ತಿರುಗಿಸಿದರೆ ಏನಾಗುತ್ತದೆ? ದೊಡ್ಡ ಗಾಡಿ ಸಿದ್ದಾಪುರದ ಮೇಲೋ ಯಲ್ಲಾಪುರದ ಮೇಲೋ ಸುತ್ತಬೇಕು. ದಾರಿ ಇದೆ ಅನ್ನುವುದೇ ಬೇರೆ, ಆ ದಾರಿಯಲ್ಲಿ ಭಾರ ಸಾಗುತ್ತದೆ ಅನ್ನುವುದೇ ಬೇರೆ.

ಅಗ್ಗವನ್ನೇ ಗುರಿ ಮಾಡಿಕೊಂಡರೆ ಲೆಕ್ಕ ಹೀಗೇ ಆಗುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1977ರಲ್ಲಿ ಇಸ್ರೇಲಿನ ಆಲ್ಪೆರೊವಿಟ್ಸ್ ಮತ್ತು ಶಮೀರ್ ಎಂಬ ಇಬ್ಬರು ಒಂದು ಪುಟ್ಟ ಜಾಲವನ್ನು ಲೆಕ್ಕಕ್ಕೆ ಇಟ್ಟರು. ಎರಡು ಸುತ್ತು, 8 ಪೈಪು, ಅಷ್ಟೇ. ಪ್ರತಿ ಪೈಪಿಗೂ 14 ಅಳತೆಗಳಲ್ಲಿ ಒಂದನ್ನು ಆರಿಸಬೇಕು. 8 ಪೈಪು ಅಂದರೆ ಸಣ್ಣದು ಅನಿಸುತ್ತದೆ, ಅಲ್ವಾ? ಅದರಲ್ಲೇ 147 ಕೋಟಿಗೂ ಜಾಸ್ತಿ ಜೋಡಣೆಗಳಿವೆ. ಪ್ರಪಂಚದ ಎಷ್ಟೋ ಜನ ಇದೇ ಜಾಲದ ಮೇಲೆ ತಮ್ಮ ಕಂಪ್ಯೂಟರ್ ಲೆಕ್ಕಗಳನ್ನು ಒರೆಗೆ ಹಚ್ಚಿದ್ದಾರೆ. 1997ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಾವಿಚ್ ಮತ್ತು ವಾಲ್ಟರ್ಸ್ ಕೊಟ್ಟ ಅತಿ ಅಗ್ಗದ ಉತ್ತರ ನೋಡಿ: 18, 10, 16, 4, 16, 10, 10 ಇಂಚು, ಎಂಟನೆಯ ಪೈಪು 1 ಇಂಚು. ಟ್ಯಾಂಕಿನಿಂದ ಹೊರಡುವ ಪೈಪು 18 ಇಂಚು, ಸುತ್ತನ್ನು ಮುಚ್ಚುವ ಪೈಪು ಮನೆಯ ಅಂಗಳಕ್ಕೆ ಹಾಕುವಷ್ಟು ಸಣ್ಣದು! ಆ ಲೆಕ್ಕ ಮಾಡಿದವರದ್ದು ತಪ್ಪಿಲ್ಲ. ಅವರು ಕೇಳಿದ್ದು ಅತಿ ಕಡಿಮೆ ಖರ್ಚು, ಸಿಕ್ಕಿದ್ದೂ ಅದೇ. ಒಂದು ಪೈಪು ಹೋದರೂ ನೀರು ಬರುವ ಭರವಸೆ ಬೇಕು ಎಂದು ಕಂಪ್ಯೂಟರಿಗೆ ನಾವು ಹೇಳದಿದ್ದರೆ, ಅದು ಎಲ್ಲ ಸುತ್ತನ್ನೂ ಹೆಸರಿಗಷ್ಟೇ ಉಳಿಸಿ ಮರ ಮಾಡಿಬಿಡುತ್ತದೆ.

ಹಾಗಂತ ಎಲ್ಲ ಕಡೆ ದಪ್ಪ ಪೈಪು ಹಾಕಿ ಎನ್ನುತ್ತಿಲ್ಲ. ಹಣ ಜನರದ್ದೇ. ಸಾಲ ಮಾಡಿ ತಂದ ಹಣವಾದರೂ ತೀರಿಸುವವರು ಜನರೇ. ಆದರೆ ದಪ್ಪದ ಲೆಕ್ಕದಲ್ಲಿ ಒಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಪೈಪಿನ ಉಜ್ಜಾಟಕ್ಕೆ ಎಷ್ಟು ಒತ್ತಡ ಹೋಗುತ್ತದೆ ಎಂದು ಹೇಳಲು ನಾವು ಬಳಸುವ ಹೇಜನ್–ವಿಲಿಯಮ್ಸ್ ಸೂತ್ರದ ಪ್ರಕಾರ 100 ಮಿ.ಮೀ. ಬದಲು 150 ಮಿ.ಮೀ. ಪೈಪು ಹಾಕಿದರೆ, ಅಷ್ಟೇ ಒತ್ತಡ ಖರ್ಚು ಮಾಡಿ ಸುಮಾರು 2.9 ಪಟ್ಟು ನೀರು ಸಾಗುತ್ತದೆ. ಅಷ್ಟೇ ನೀರು ಸಾಗಿಸಿದರೆ ಒತ್ತಡ ಕಳೆದುಕೊಳ್ಳುವುದು ಸುಮಾರು ಏಳನೇ ಒಂದು ಭಾಗ ಮಾತ್ರ. ಖರ್ಚು ಹಾಗೆ ಮೂರು ಪಟ್ಟು ಏರುವುದಿಲ್ಲ. ಪೈಪಿನ ಬೆಲೆ ಏರುತ್ತದೆ, ಆದರೆ ಜೆಸಿಬಿ ಅಗೆಯುವ ಗುಂಡಿ ಹೆಚ್ಚುಕಡಿಮೆ ಅದೇ. ಚಿರೆಕಲ್ಲು ಒಡೆಯುವ ಕೂಲಿ ಅದೇ. ಮೇಲೆ ಮತ್ತೆ ಡಾಂಬರು ಹಾಕುವುದೂ ಅದೇ. ಸಣ್ಣ ಪೈಪು ಒಡೆಯುವುದೂ ಜಾಸ್ತಿ. ಅಂದರೆ ಗುಂಡಿ ತೋಡಿದ ಮೇಲೆ ಒಂದು ಅಳತೆ ದಪ್ಪ ಹಾಕುವುದು ನಾವು ಕೊಳ್ಳಬಹುದಾದ ಅಗ್ಗದ ಭರವಸೆ.

ಪಂಪಿನ ಕರೆಂಟ್ ಬಿಲ್ಲೂ ಇದೆ. 10 ಲಕ್ಷ ಲೀಟರ್ ನೀರನ್ನು 10 ಮೀಟರ್ ಹೆಚ್ಚಿಗೆ ಎತ್ತಲು ಸುಮಾರು 40 ಯೂನಿಟ್ ಬೇಕು. ಪೈಪು ಸಣ್ಣದಾಗಿ 10 ಮೀಟರಿನಷ್ಟು ಒತ್ತಡ ಉಜ್ಜಾಟದಲ್ಲೇ ಹೋಗುತ್ತಿದ್ದರೆ, ದಿನಕ್ಕೆ ಅಷ್ಟು ನೀರಿಗೆ ವರ್ಷಕ್ಕೆ 14 ಸಾವಿರ ಯೂನಿಟ್ಟಿಗೂ ಜಾಸ್ತಿ. ಪೈಪ್‌ಲೈನನ್ನು ನಾವು 30 ವರ್ಷಕ್ಕೆ ಎಂದು ಲೆಕ್ಕ ಹಾಕುತ್ತೇವೆ. ಪೈಪಿನಲ್ಲಿ ಉಳಿಸಿದ್ದು ಒಂದು ಸಲ, ಕರೆಂಟಿಗೆ ಕೊಡುವುದು 30 ವರ್ಷ.

ಈಗ ನನಗೆ ತುಂಬ ನೋವು ಕೊಡುವ ಮಾತಿಗೆ ಬರುತ್ತೇನೆ. ಜಾಲದಲ್ಲಿ ಉಳಿಸಿದ ಹಣ ನಿಜವಾಗಿ ಉಳಿಯುವುದೇ ಇಲ್ಲ. ಅದು ಮನೆಗಳ ತಲೆಗೆ ಬೀಳುತ್ತದೆ. ನೀರು ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ಊರಿನಲ್ಲಿ ಮನೆಯವರು ಮೊದಲು ಅಂಗಳದಲ್ಲಿ ಸಂಪ್ ತೋಡಿಸುತ್ತಾರೆ. ಅದಕ್ಕೆ ಅರ್ಧ ಎಚ್‌ಪಿ ಮೋಟಾರು. ಮೇಲೆ ಸಿಂಟೆಕ್ಸ್ ಟ್ಯಾಂಕ್. ನೀರು ನಿಂತು ಕೆಡುತ್ತದೆ ಎಂದು ಒಂದು ಫಿಲ್ಟರ್. ಇಷ್ಟನ್ನೂ ಪ್ರತಿ ಮನೆಯವರು ಬೇರೆ ಬೇರೆಯಾಗಿ ಕೊಳ್ಳುತ್ತಾರೆ. ಒಂದು ಬಡಾವಣೆಯ ಎಲ್ಲ ಸಂಪು, ಮೋಟಾರು, ಟ್ಯಾಂಕುಗಳ ಬಿಲ್ ಕೂಡಿಸಿ ನೋಡಿ. ಯಾವ ಲಿಂಕ್ ಲೈನಿಗೂ ಅಷ್ಟು ಹಣ ಬೇಕಿಲ್ಲ. ಕೊಳ್ಳಲು ಆಗದ ಮನೆಯವರು ಇನ್ನೊಂದು ಬಗೆಯಲ್ಲಿ ಕೊಡುತ್ತಾರೆ. ಹೆಂಗಸರು ಕೆಲಸಕ್ಕೆ ಹೋಗದೆ ನಲ್ಲಿಯ ಮುಂದೆ ಕಾಯುತ್ತಾರೆ. ಮಕ್ಕಳು ಬಿಂದಿಗೆ ಹಿಡಿದು ಪಕ್ಕದ ಓಣಿಗೆ ಓಡುತ್ತಾರೆ. ಆ ಹೊತ್ತಿಗೆ ಯಾವ ಎಸ್ಟಿಮೇಟಿನಲ್ಲೂ ಒಂದು ಸಾಲು ಇಲ್ಲ.

ಇದು ಇಲ್ಲಿಗೇ ನಿಲ್ಲುವುದೂ ಇಲ್ಲ. ನೀರು ಸಾಲದಾದಾಗ ಕೆಲವರು ಮೋಟಾರನ್ನು ನೇರವಾಗಿ ಲೈನಿಗೇ ಹಚ್ಚುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಆದರೆ ಮನೆಯಲ್ಲಿ ನೀರಿಲ್ಲದವರು ಬೇರೆ ಏನು ಮಾಡಬೇಕು? ಮೋಟಾರು ಎಳೆದಾಗ ತುದಿಯ ಮನೆಗಳಿಗೆ ಏನೂ ಸಿಗುವುದಿಲ್ಲ. ಪೈಪಿನೊಳಗೆ ಒತ್ತಡ ಸತ್ತರೆ ಬಿರುಕುಗಳಿಂದ ಹೊರಗಿನ ಕೊಳೆ ಒಳಗೆ ಬರುತ್ತದೆ. ಪೈಪಿನ ಪಕ್ಕದಲ್ಲಿ ಚರಂಡಿ ಇದ್ದರೆ ಅದೇ ನೀರು. ಟ್ಯಾಂಕಿನಲ್ಲಿ ಎಷ್ಟು ಸರಿಯಾಗಿ ಕ್ಲೋರಿನ್ ಹಾಕಿದ್ದರೂ ದಾರಿಯಲ್ಲಿ ಕೆಟ್ಟರೆ ಪ್ರಯೋಜನ ಇಲ್ಲ. ಪೈಪಿನಲ್ಲಿ ಸದಾ ಒತ್ತಡ ಇರುವುದೇ ನೀರನ್ನು ಕಾಯುವ ಬೇಲಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿದರು. ಹಳೆಯ ಪೈಪು ತೆಗೆದು ಹೊಸ ಜಾಲ ಹಾಕಿ, ಮನೆ ಮನೆಗೆ ಮೀಟರ್ ಇಟ್ಟು ಮಾಡಿದ ಕೆಲಸ ಅದು. ನಮ್ಮ ರಾಜ್ಯದಲ್ಲಿ, ಶಿರಸಿಯಿಂದ ಮೂರು ಗಂಟೆಯ ದಾರಿಯ ಊರಿನಲ್ಲಿ ಆಗಿದ್ದು ನಮ್ಮಲ್ಲೂ ಆಗಬಹುದು.

ವಾಲ್ವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸುತ್ತಿನ ಜಾಲ ಇದ್ದು ವಾಲ್ವ್ ಇಲ್ಲದಿದ್ದರೆ ಸುತ್ತು ಇದ್ದೂ ಇಲ್ಲದ ಹಾಗೆ. ಒಂದು ಪೈಪು ಒಡೆದರೆ ಆ ತುಂಡನ್ನು ಮಾತ್ರ ಎರಡೂ ಕಡೆ ಮುಚ್ಚಲು ಬರಬೇಕು. ನಾಲ್ಕು ದಾರಿ ಕೂಡುವ ಕಡೆ ಒಂದೇ ವಾಲ್ವ್ ಇದ್ದರೆ ಒಂದು ಬೀದಿಗಾಗಿ ನಾಲ್ಕು ಬೀದಿ ಬಂದ್ ಮಾಡಬೇಕಾಗುತ್ತದೆ. ಎಸ್ಟಿಮೇಟಿನಲ್ಲಿ ಲಿಂಕ್ ಲೈನ್ ನಂತರ ಕತ್ತರಿ ಬೀಳುವುದು ಈ ವಾಲ್ವುಗಳ ಮೇಲೆ. ಇದ್ದ ವಾಲ್ವುಗಳ ಕಥೆಯೂ ನನಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ರಾತ್ರಿ ಪೈಪು ಒಡೆದು ರಸ್ತೆಯ ತುಂಬ ನೀರು ಹರಿಯುತ್ತಿತ್ತು. ನಕ್ಷೆಯಲ್ಲಿ ವಾಲ್ವ್ ಇತ್ತು, ರಸ್ತೆಯಲ್ಲಿ ಇರಲಿಲ್ಲ. ಡಾಂಬರು ಹಾಕುವಾಗ ಮುಚ್ಚಿಹೋಗಿತ್ತು. ಹಾರೆ, ಪಿಕಾಸಿ ಹಿಡಿದು ಎರಡು ಗಂಟೆ ಹುಡುಕಿದೆವು. ಕೊನೆಗೆ ಕೆಲಸದಿಂದ ನಿವೃತ್ತರಾದ ಹಳೆಯ ವಾಲ್ವ್‌ಮನ್ ಒಬ್ಬರನ್ನು ಮನೆಯಿಂದ ಎಬ್ಬಿಸಿ ಕರೆತಂದರು. ಅವರು ಒಂದು ಅಂಗಡಿಯ ಮೆಟ್ಟಿಲಿನಿಂದ ಹೆಜ್ಜೆ ಎಣಿಸಿಕೊಂಡು ಬಂದು ಒಂದು ಕಡೆ ನಿಂತು, 'ಇಲ್ಲಿ ಅಗೀರಿ' ಅಂದರು. ಅಲ್ಲೇ ಇತ್ತು.

ನಮ್ಮ ಊರುಗಳ ನೀರಿನ ನಕ್ಷೆ ಇನ್ನೂ ಇಂಥವರ ಕಾಲಿನ ಹೆಜ್ಜೆಯಲ್ಲಿದೆ. ವಾಲ್ವ್‌ಮನ್‌ಗಳಿಗೆ, ಪಂಚಾಯ್ತಿಯ ನೀರುಗಂಟಿಗಳಿಗೆ ನಾನು ಕೈಮುಗಿಯುತ್ತೇನೆ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಅವರ ಜೊತೆ ಎರಡು ದಿನ ಓಡಾಡಿದರೆ ಪ್ರತಿ ವಾಲ್ವಿನ ಜಾಗ ಫೋನಿನಲ್ಲಿ ಗುರುತು ಹಾಕಿಕೊಳ್ಳಬಹುದು. ಖರ್ಚು ಎರಡು ದಿನದ ಕೂಲಿ. ದಯವಿಟ್ಟು ಅವರು ನಿವೃತ್ತರಾಗುವ ಮೊದಲು ಮಾಡಿ.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕಂಬ ಮುರಿಯುವುದು ಹೊಸದಲ್ಲ. ಹೊಳೆ ತುಂಬಿ ಹರಿಯುವಾಗಲೇ ಪಂಪ್ ನಿಂತು ನಲ್ಲಿ ಒಣಗುತ್ತದೆ. ಅದಕ್ಕೇ ಎತ್ತರದಲ್ಲಿ ಒಂದು ಟ್ಯಾಂಕ್, ಜಾಕ್‌ವೆಲ್ಲಿನಲ್ಲಿ (ಹೊಳೆಯ ನೀರೆತ್ತುವ ಬಾವಿಯಲ್ಲಿ) ಒಂದು ಹೆಚ್ಚುವರಿ ಪಂಪ್, ಒಂದು ಜನರೇಟರ್ ಬೇಕು. ಘಟ್ಟದ ಮೇಲಿನ ಊರಿಗೆ ದಿಬ್ಬಗಳೇ ಇವೆ, ಕಂಬ ಕಟ್ಟಿ ಟ್ಯಾಂಕ್ ಎತ್ತುವ ಖರ್ಚು ಕಡಿಮೆ.

ನೀರಿನ ಮೂಲದ ವಿಷಯದಲ್ಲಿ ಶಿರಸಿ ಪುಣ್ಯವಂತ ಊರು. ಕೆಂಗ್ರೆ ಹೊಳೆಯಿಂದಲೂ ಅಘನಾಶಿನಿಯ ಮಾರಿಗದ್ದೆಯಿಂದಲೂ ನಮಗೆ ನೀರು ಬರುತ್ತದೆ. ಎರಡು ಮೂಲ. ಇದನ್ನು ಯೋಚಿಸಿದ ಹಿರಿಯರಿಗೆ ಋಣಿ. ಇದೇ ಯೋಚನೆ ಬೀದಿಯೊಳಗಿನ ಪೈಪುಗಳಿಗೂ ಬರಲಿ ಎಂಬುದೇ ನನ್ನ ಆಸೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಬಿಡಕಿಬೈಲಿನಲ್ಲಿ ದೇವಿ ಕೂತ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. 2011ರ ಜನಗಣತಿಯಲ್ಲಿ 60 ಸಾವಿರ ದಾಟಿದ ಊರು ಇದು. ಇಷ್ಟು ಜನಸಂಖ್ಯೆಗೆ ದಿನದ ಸರಾಸರಿಯ 2.5 ಪಟ್ಟು ನೀರು ಒಮ್ಮೆಲೇ ಎಳೆದರೂ ತಡೆಯುವ ಹಾಗೆ ಪೈಪು ಇರಬೇಕು ಎನ್ನುತ್ತದೆ ಆ 1999ರ ಕೈಪಿಡಿ. ಅದು ಮಾಮೂಲಿ ದಿನದ ಬೆಳಗಿನ ಹೊತ್ತಿಗೆ. ಜಾತ್ರೆಗೆ ಅದು ಸಾಲುವುದಿಲ್ಲ. ಹಾಗೆಂದು ಒಂಬತ್ತು ದಿನದ ಜಾತ್ರೆಗಾಗಿ ಇಡೀ ಊರಿನ ಪೈಪು ಬದಲಿಸುವುದೂ ಸರಿಯಲ್ಲ. ಪೇಟೆಯ ಸುತ್ತ ಒಂದು ಗಟ್ಟಿ ಸುತ್ತು ಇದ್ದರೆ ಬೇರೆ ಭಾಗದ ನೀರನ್ನು ಆ ದಿನಗಳಲ್ಲಿ ಈ ಕಡೆ ತಿರುಗಿಸಬಹುದು. ಯಾವ ಊರಿನ ಹಬ್ಬಕ್ಕೂ, ಬೆಂಕಿಯ ಅನಾಹುತಕ್ಕೂ ಇದೇ ಅನ್ವಯ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಎಲ್ಲ ಕಡೆ ಸುತ್ತು ಬೇಡ. ನಮ್ಮ ಹಳ್ಳಿಗಳಲ್ಲಿ ಮನೆಗಳು ತೋಟದ ತಲೆಗೊಂದು, ಗುಡ್ಡದ ಆಚೆಗೊಂದು. ನಾಲ್ಕು ಮನೆಗಾಗಿ ಕಾಡಿನ ನಡುವೆ ಕಿಲೋಮೀಟರುಗಟ್ಟಲೆ ಲಿಂಕ್ ಲೈನ್ ಹಾಕುವುದು ಹಣಕ್ಕೂ ದಂಡ, ಕಾಡಿಗೂ ಪೆಟ್ಟು. ಅಲ್ಲಿ ಒಂದೇ ಲೈನ್ ಸಾಕು, ತುದಿಯಲ್ಲಿ ಎರಡು ದಿನಕ್ಕೆ ಆಗುವಷ್ಟು ಒಂದು ತೊಟ್ಟಿ ಇರಲಿ. ಮತ್ತೆ ಹಳೆಯ ಬಾವಿ ಮುಚ್ಚಿಸಬೇಡಿ. 2019ರಿಂದ ಜಲ ಜೀವನ್ ಮಿಷನ್ ಬಂದು ಹಳ್ಳಿಗಳಲ್ಲೂ ಮನೆ ಮನೆಗೆ ನಲ್ಲಿ ಬಂತು, ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕದಲ್ಲಿ. ಒಳ್ಳೆಯದೇ. ಆದರೆ ನಲ್ಲಿ ಬಂತೆಂದು ಬಾವಿಗೆ ಕಸ ಹಾಕಬೇಡಿ. ಪೈಪು ಒಡೆದ ದಿನ ಅದೇ ನಿಮ್ಮ ಎರಡನೇ ದಾರಿ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಇದಕ್ಕೂ ದಾರಿ ಇದೆ. 2000ನೇ ಇಸವಿಯಲ್ಲಿ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಎಜಿಯೊ ಟೊಡಿನಿ ಒಂದು ಅಳತೆಗೋಲು ಕೊಟ್ಟರು. ಬೇಕಾದಷ್ಟು ಒತ್ತಡ ಕೊಟ್ಟ ಮೇಲೂ ಜಾಲದಲ್ಲಿ ಎಷ್ಟು ಮಿಕ್ಕಿದೆ ಎಂದು ಅದು ಹೇಳುತ್ತದೆ. ನೆಂಟರು ಹೇಳದೆ ಬಂದರೆ ಅನ್ನದ ಚರಿಗೆಯಲ್ಲಿ ಎಷ್ಟು ಮಿಗುತ್ತದೆ ಎಂದು ಅಮ್ಮ ನೋಡಿಕೊಳ್ಳುತ್ತಿದ್ದ ಹಾಗೆ. ಖರ್ಚು ಏರಿಸುತ್ತ ಹೋದರೆ ಈ ಮಿಗತೆಯೂ ಏರುತ್ತದೆ, ಆದರೆ ಒಂದೇ ಸಮ ಅಲ್ಲ. ಸಾಮಾನ್ಯವಾಗಿ ಮೊದಲು ಹಾಕುವ ಸ್ವಲ್ಪ ಹಣಕ್ಕೆ ತುಂಬ ಭರವಸೆ ಸಿಗುತ್ತದೆ. ಆಮೇಲೆ ಎಷ್ಟು ಸುರಿದರೂ ಸಿಗುವುದು ಕಡಿಮೆ. ಆ ತಿರುವು ಬರುವ ಜಾಗದಲ್ಲಿ ನಿಲ್ಲಿಸಿ. ನಾನು ಕತ್ತರಿಸಿದ 420 ಮೀಟರ್ ಆ ತಿರುವಿಗಿಂತ ತುಂಬ ಹಿಂದೆ ಇತ್ತು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದೆ ಯಾವ ಊರಿನ ಎಸ್ಟಿಮೇಟು ನಿಮ್ಮ ಮೇಜಿಗೆ ಬಂದರೂ ಅದಕ್ಕೆ ಒಂದು ಹಾಳೆ ಜಾಸ್ತಿ ಸೇರಿಸಿ. ಮೇಲೆ 'ಈ ಪೈಪು ಒಡೆದರೆ' ಎಂದು ಬರೆಯಿರಿ. ಕೆಳಗೆ ಒಂದೊಂದೇ ಮೇನ್ ಪೈಪನ್ನು ಮುಚ್ಚಿ, ಎಷ್ಟು ಮನೆಗೆ ನೀರು ನಿಲ್ಲುತ್ತದೆ, ರಿಪೇರಿ ಆಗುವವರೆಗೆ ಅವರಿಗೆ ಎಲ್ಲಿಂದ ಕೊಡುತ್ತೀರಿ ಎಂದು ಬರೆಯಿರಿ. 1936ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ ಸುತ್ತಿನ ಜಾಲದ ಲೆಕ್ಕವನ್ನು ಕೈಯಲ್ಲೇ ಮಾಡುವ ವಿಧಾನ ಕಂಡುಹಿಡಿದರು. ನಾನು ಕಲಿತದ್ದು ಅದನ್ನೇ, ಪೆನ್ಸಿಲ್ ಸವೆಯುವವರೆಗೆ. ಆಗ ಪ್ರತಿ ಪೈಪು ಮುಚ್ಚಿ ಲೆಕ್ಕ ಹಾಕಿ ಎಂದರೆ ವಾರ ಬೇಕಿತ್ತು. ಈಗ ಎಪಾನೆಟ್ ಎಂಬ ಸಾಫ್ಟ್‌ವೇರ್ ಇದೆ. ಅಮೆರಿಕದ ಪರಿಸರ ಸಂಸ್ಥೆ 1993ರಲ್ಲಿ ಹೊರತಂದದ್ದು, ಉಚಿತ. ನಿಮ್ಮ ನಕ್ಷೆ ಹೇಗೂ ಇಂಥ ಒಂದು ಸಾಫ್ಟ್‌ವೇರಿನಲ್ಲೇ ಇರುತ್ತದೆ. ಸಣ್ಣ ಊರಿಗೆ ಈ ಹಾಳೆ ತುಂಬಲು ಒಂದು ಮಧ್ಯಾಹ್ನ ಸಾಕು.

ಸದಸ್ಯರಿಗೆ ಒಂದು ಮಾತು. ನಿಮಗೆ ಸೂತ್ರ ಗೊತ್ತಿರಬೇಕಿಲ್ಲ. ಸಭೆಯಲ್ಲಿ ಎದ್ದು ನಿಂತು, 'ನನ್ನ ವಾರ್ಡಿಗೆ ಬರುವ ಪೈಪು ಒಡೆದರೆ ಇನ್ನೊಂದು ದಾರಿ ಎಲ್ಲಿದೆ, ಅದು ಎಷ್ಟು ಇಂಚು' ಎಂದು ಕೇಳಿ. 1 ಇಂಚು ಎಂದು ಉತ್ತರ ಬಂದರೆ ಕೂತುಕೊಳ್ಳಬೇಡಿ.

ಹಣ ನಿಜವಾಗಿಯೂ ಇಲ್ಲ ಎಂದಾದರೆ? ಆಗಲೂ ಲಿಂಕ್ ಲೈನನ್ನು ನಕ್ಷೆಯಿಂದ ಅಳಿಸಬೇಡಿ. ಎರಡೂ ತುದಿಯಲ್ಲಿ ಒಂದೊಂದು ಟೀ (ಮೂರು ಬಾಯಿಯ ಜೋಡಣೆ ತುಂಡು), ಒಂದೊಂದು ವಾಲ್ವ್ ಕೂಡಿಸಿ ಬಾಯಿ ಮುಚ್ಚಿ ಇಡಿ. ಅದಕ್ಕೆ ಆಗುವ ಖರ್ಚು ತುಂಬ ಕಡಿಮೆ. ರಸ್ತೆ ಹೊಸದಾಗಿ ಮಾಡುವ ಮೊದಲು ಆ ಜಾಗದಲ್ಲಿ ಪೈಪಿಗೆ ದಾರಿ ಬಿಡಿ. ಮುಂದಿನ ವರ್ಷ ಹಣ ಬಂದಾಗ ನಡುವಿನ ಪೈಪು ಮಾತ್ರ ಹಾಕಿದರೆ ಆಯಿತು. ನಾನು ಇದನ್ನೂ ಮಾಡಿರಲಿಲ್ಲ. ಆ ಊರಿಗೆ ಕೊನೆಗೂ ಲಿಂಕ್ ಲೈನ್ ಹಾಕಿದರು, ನಾನು ಗೀಟು ಎಳೆದ 11 ವರ್ಷಕ್ಕೆ. ಅಷ್ಟರಲ್ಲಿ ರಸ್ತೆ ಕಾಂಕ್ರೀಟ್ ಆಗಿತ್ತು. ಪೈಪಿಗಿಂತ ಕಾಂಕ್ರೀಟ್ ಒಡೆದು ಮುಚ್ಚುವುದಕ್ಕೇ ಜಾಸ್ತಿ ಖರ್ಚಾಯಿತು. ಆ ದಿನ ನಾನು ಕೇರಿಗೆ ಹೋಗಿದ್ದೆ. ಕೊಡಪಾನ ಇಟ್ಟು ನಿಂತಿದ್ದ ಆಕೆಯನ್ನು ಹುಡುಕಿದೆ. ತೀರಿಕೊಂಡು ಎರಡು ವರ್ಷ ಆಗಿತ್ತು ಎಂದರು.

ಆ ಹಳೆಯ ನಕ್ಷೆ ಈಗಲೂ ನನ್ನ ಬಳಿ ಇದೆ, ಕೆಂಪು ಗೀಟಿನ ಜೊತೆ. ಈ ಜಿಲ್ಲೆಯ ಯಾವ ಊರಿನ ಇಂಜಿನಿಯರಾದರೂ ತಮ್ಮ ನಕ್ಷೆ ತೆಗೆದುಕೊಂಡು ಶಿರಸಿಗೆ ಬನ್ನಿ. 'ಈ ಪೈಪು ಒಡೆದರೆ' ಹಾಳೆಯನ್ನು ಜೊತೆಯಲ್ಲಿ ಕೂತು ತುಂಬೋಣ. ನನಗೆ ಏನೂ ಕೊಡಬೇಕಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು.

ಇಂತಿ,
ನಿವೃತ್ತ ಪೈಪ್‌ಲೈನ್ ವಿನ್ಯಾಸಗಾರ,
ಶಿರಸಿ